ಸೈತಾನನ ವಕೀಲ

ಲೆನೋರ್ ಹಂದಿಮಾಂಸದ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. ಮಗ ಟೋಬಿ ಆಗಷ್ಟೇ, ಉಪ್ಪು ಕೊಡಿ ಎನ್ನುವಷ್ಟು ಸಲೀಸಾಗಿ, "ಅಮ್ಮ, ಸೈನ್ಯಕ್ಕೆ ಸೇರ್ಕೊಂಡೆ. ವಿಯೆಟ್ನಾಂಗೇ ಕಳಿಸ್ತಾರಂತೆ" ಎಂದಿದ್ದ.

ಭಾನುವಾರದ ಊಟಕ್ಕೆ ಬಂದಿದ್ದ ಅವಳ ತಂದೆ, ನಿವೃತ್ತ ಜನರಲ್ ಬ್ರಿಗ್ಸ್, ಮೊಮ್ಮಗನ ಬೆನ್ನು ತಟ್ಟಿದರು. "ಭೇಷ್! ಈ ಮನೇಲಿ ಒಬ್ಬನಾದ್ರೂ ಗಂಡಸು ಅಂತ ಹುಟ್ಟಿದ್ನಲ್ಲ." ಆ ಮಾತು ಯಾರಿಗೆ ತಾಕಬೇಕಿತ್ತೋ ಅವರಿಗೇ ತಾಕಿತು. ಅಳಿಯ ಎಲ್ಡನ್ ತಲೆ ತಗ್ಗಿಸಿ ಕುಳಿತ.

ಎಲ್ಡನ್ ಅಮೆರಿಕದ ಅಧ್ಯಕ್ಷರ ಸಲಹೆಗಾರ. ಈ ಯುದ್ಧಕ್ಕೆ ಇನ್ನೊಬ್ಬನನ್ನೂ ಕಳಿಸಬೇಡಿ ಎಂದು ನಲವತ್ತು ಪುಟ ಬರೆದವನು. ಕಚೇರಿಯಲ್ಲಿ ಯಾರನ್ನೂ ನಂಬದೆ, ಅದನ್ನು ಇದೇ ಮೇಜಿನ ಮೇಲೆ ಹೆಂಡತಿಯಿಂದ ಟೈಪ್ ಮಾಡಿಸಿದ್ದ. 'ಇಂದು ಕಳಿಸಿದವರನ್ನು ಕಾಯಲು ನಾಳೆ ಎರಡರಷ್ಟು ಜನ ಬೇಕಾಗುತ್ತಾರೆ' ಎಂಬ ಸಾಲು ಲೆನೋರಳಿಗೆ ಬಾಯಿಪಾಠ. ಅಧ್ಯಕ್ಷರು ಎಲ್ಲವನ್ನೂ ಕೇಳಿ, ನಕ್ಕು, "ನಮ್ಮ ಸೈತಾನನ ವಕೀಲ" ಎಂದು ಹೆಸರಿಟ್ಟರು. ಎದುರುವಾದ ಹೂಡಲೆಂದೇ ಸಭೆಯಲ್ಲಿ ಒಬ್ಬನನ್ನು ಕೂರಿಸುವುದು ವಾಷಿಂಗ್ಟನ್ನಿನ ವಾಡಿಕೆ. ಅವನು ಹೇಳುತ್ತಾನೆ, ಉಳಿದವರು ತಲೆದೂಗುತ್ತಾರೆ, ಕೊನೆಗೆ ಮೊದಲೇ ನಿಶ್ಚಯವಾದದ್ದೇ ಆಗುತ್ತದೆ. ಎಲ್ಡನ್ ಮಾತ್ರ ಅದನ್ನು ಬಿರುದೆಂದುಕೊಂಡು ಅಂದು ಹಿಗ್ಗುತ್ತಾ ಮನೆಗೆ ಬಂದಿದ್ದ! ಮೊನ್ನೆ ಇನ್ನಷ್ಟು ಸೈನ್ಯ ಕಳಿಸುವ ಘೋಷಣೆಯಾದಾಗಲೂ, ದೇಶವೆಲ್ಲ ಟೆಲಿವಿಷನ್ನಿನಲ್ಲಿ ನೋಡುವಂತೆ, ಅಧ್ಯಕ್ಷರ ಬೆನ್ನ ಹಿಂದೆಯೇ ನಿಂತಿದ್ದ.

"ಅವನಿಗೆ ಹೇಳಿ," ಎಂದಳು ಲೆನೋರ್. "ನೀವು ಬರೆದಿದ್ದನ್ನ ಹೇಳಿ."

"ಅದು ಗುಟ್ಟಿನ ಕಾಗದ ಕಣೇ..."

"ಹೋಗ್ತಿರೋನು ನಮ್ಮ ಮಗ!"

ಎಲ್ಡನ್ ಮಗನತ್ತ ತಿರುಗಿದ. "ಟೋಬಿ, ಈ ಯುದ್ಧ ತಪ್ಪು. ನಾವು ಗೆಲ್ಲಲ್ಲ. ಅಧ್ಯಕ್ಷರ ಎದುರಿಗೇ ಹೇಳಿದೀನಿ. ಹೋಗ್ಬೇಡ ಕಣೋ."

ಜನರಲ್ ಗಹಗಹಿಸಿದರು. "ಅಳಿಯಂದಿರು ಊಟಕ್ಕೂ ಕಚೇರಿ ಕೆಲಸ ತಂದ್ರು ನೋಡು. ಉಲ್ಟಾ ಮಾತಾಡೋದಕ್ಕೇ ಅಲ್ವೇನಪ್ಪ ಅಲ್ಲಿ ಇವ್ರನ್ನ ಇಟ್ಕೊಂಡಿರೋದು?"

ಟೋಬಿಯೂ ನಕ್ಕ, ಪ್ರೀತಿಯಿಂದಲೇ. "ಗೊತ್ತಪ್ಪ. ಯಾರಾದ್ರೂ ಆ ಕಡೆಯಿಂದ ಮಾತಾಡ್ಲೇಬೇಕಲ್ಲ. ನಿಮ್ಗೆ ನಿಜವಾಗ್ಲೂ ತಪ್ಪು ಅನ್ನಿಸಿದ್ದಿದ್ರೆ ಮೊನ್ನೆ ಟೀವೀಲಿ ಅಧ್ಯಕ್ಷರ ಹಿಂದೆ ನಿಂತಿರ್ತಿದ್ರಾ? ನಿಮ್ಮನ್ನ ಅಲ್ಲಿ ನೋಡೇ ನಾನು ಸಹಿ ಹಾಕಿದ್ದು."

ಎಲ್ಡನ್ ಚಾಕು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟ. ಲೆನೋರ್ ಕಾದಳು... ಅವನು ಮತ್ತೆ ಮಾತೆತ್ತಲಿಲ್ಲ. ಮಾಂಸ ಹಾಗೇ ತಣ್ಣಗಾಯಿತು.

ಮುಂದಿನ ಫೆಬ್ರವರಿಯಲ್ಲಿ ಸಮವಸ್ತ್ರದ ಇಬ್ಬರು ಬಂದು ಬಾಗಿಲು ತಟ್ಟಿದರು. ಮೊದಲು ಹೋಗಿ ಸಿಕ್ಕಿಬಿದ್ದವರನ್ನು ಕಾಯಲು ಹೋದ ತುಕಡಿಯಲ್ಲಿದ್ದ ಟೋಬಿ ಉಳಿಯಲಿಲ್ಲವಂತೆ. ಲೆನೋರ್ ಅಳುವುದನ್ನೂ ಮರೆತು ಕೇಳಿಸಿಕೊಂಡಳು. ಈ ಮಾತನ್ನು ಅವಳು ಎಂದೋ ಟೈಪ್ ಮಾಡಿ ಮುಗಿಸಿದ್ದಳು.

ಮಗನನ್ನು ಮಣ್ಣು ಮಾಡಿ ಬಂದ ವಾರಕ್ಕೆ ಎಲ್ಡನ್ ಟೈಪ್‌ರೈಟರ್ ತಂದು ಅವಳ ಮುಂದಿಟ್ಟ. "ರಾಜೀನಾಮೆ ಕೊಡ್ತೀನಿ. ಕೌಟುಂಬಿಕ ಕಾರಣ ಅಂತ ಹಾಕು. ಎಲ್ರೂ ಹಾಗೇ ಬರೆಯೋದು. ಅಧ್ಯಕ್ಷರಿಗೆ ಮುಜುಗರ ಆಗ್ಬಾರ್ದು."

"ಇವತ್ತಿಗೂ ನಿಮಗೆ ಅವರ ಮುಜುಗರದ್ದೇ ಚಿಂತೆ..."

'ಕೌಟುಂಬಿಕ ಕಾರಣಗಳಿಂದ' ಎಂದು ಅವಳು ಹೊಡೆದಳು. ಕೈ ಅಲ್ಲಿಗೇ ನಿಲ್ಲಲಿಲ್ಲ. ಕೆಳಗೆ ಇನ್ನೊಂದು ಸಾಲು ಮೂಡಿತು: 'ನನ್ನ ಮಗ ಟೋಬಿ, ಇಪ್ಪತ್ತೆರಡು ವರ್ಷ, ನನ್ನ ಮಾತನ್ನು ನಾಟಕವೆಂದುಕೊಂಡು ಹೋದ. ಹಾಗೆಂದುಕೊಳ್ಳಲು ಬಿಟ್ಟವನು ನಾನೇ.'

ಎಲ್ಡನ್ ಅದನ್ನು ಓದಿ ಮಗುವಿನಂತೆ ಬಿಕ್ಕಿದ. ಆಮೇಲೆ ಸಹಿ ಹಾಕಿದ.

ಮೂರನೆಯ ದಿನ ಪತ್ರಿಕೆಯಲ್ಲಿ ಸುದ್ದಿ ಬಂತು. ಕೌಟುಂಬಿಕ ಕಾರಣಗಳಿಂದ ಸಲಹೆಗಾರರ ರಾಜೀನಾಮೆ ಎಂದಷ್ಟೇ ಇತ್ತು. ಎರಡನೆಯ ಸಾಲು ಎಲ್ಲೂ ಇರಲಿಲ್ಲ. ಅಧ್ಯಕ್ಷರು ತಮ್ಮ ಸೈತಾನನ ವಕೀಲನನ್ನು ಮನಸಾರೆ ಹೊಗಳಿದ್ದರು. ಅದರ ಪಕ್ಕದಲ್ಲೇ, ಇನ್ನಷ್ಟು ಸೈನಿಕರು ಹಡಗು ಹತ್ತಿದ ಸುದ್ದಿ.

ಲೆನೋರ್ ಪತ್ರಿಕೆಯನ್ನು ಮಡಿಸಿಟ್ಟಳು. "ಸಭೇಲಿ ನಿಮ್ಮ ಆ ಕುರ್ಚೀಲಿ ಇವತ್ತು ಯಾರು ಕೂತಿರ್ತಾರೆ?"

"ಉಲ್ಟಾ ಮಾತಾಡೋಕೆ ಯಾರನ್ನೋ ಒಬ್ಬನ್ನ ನೇಮಿಸಿರ್ತಾರೆ," ಎಂದ ಎಲ್ಡನ್.