ಎಡಗೈ ಗಂಟು

೨೦೦೭ರ ಜೂನ್ ೨೧. ಇಳಕಲ್ಲಿನ ಮೇಲೆ ಮುಂಗಾರಿನ ಮೋಡ ಕವಿದು ನಿಂತಿತ್ತು. ಹನಿ ಬಿದ್ದಿರಲಿಲ್ಲ, ಗಾಳಿಯೂ ಆಡುತ್ತಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಹೊಳಬಸಪ್ಪ ಠಾಣೆಗೆ ಬಂದ. ಊರಲ್ಲಿ ಕಂಪ್ಯೂಟರ್ ಆಟದ ಕೇಂದ್ರ ನಡೆಸುವವನು. ಹುಡುಗರ ತಂಡ ಕಟ್ಟಿ ಪಂದ್ಯಗಳಿಗೆ ಕರೆದೊಯ್ಯುತ್ತಿದ್ದ.

“ಹಾರ್ಡ್ ಡಿಸ್ಕ್ ಕದ್ದಾರ್ರಿ ಮೇಡಂ. ಭಾನುವಾರ ಹುಬ್ಬಳ್ಳ್ಯಾಗ ಪಂದ್ಯ ಐತಿ. ತಂಡದ ತಯಾರಿ ಎಲ್ಲಾ ಅದರಾಗ ಐತ್ರಿ.”

ಪಿಎಸ್ಐ ಅನುರಾಧಾ ಎಫ್ಐಆರ್ ದಾಖಲಿಸಿ, ಪೇದೆ ದಸ್ತಗೀರಸಾಬನೊಂದಿಗೆ ಕೇಂದ್ರಕ್ಕೆ ಹೋದರು. ಬೀಗ ಮುರಿದಿರಲಿಲ್ಲ. ಕೀಲಿ ಎಲ್ಲಿರುತ್ತದೆಂದು ಆಟಗಾರರಿಗಷ್ಟೇ ಗೊತ್ತು. ಸ್ಕ್ರೂ ಕಳೆದುಹೋಗಿದ್ದ ಕಂಪ್ಯೂಟರಿನ ಮುಚ್ಚಳಕ್ಕೆ ಮೊದಲೇ ದಾರ ಸುತ್ತಿದ್ದರು. ಕಳ್ಳ ಅದನ್ನು ಕತ್ತರಿಸಿ, ಡಿಸ್ಕ್ ತೆಗೆದುಕೊಂಡು, ಮತ್ತೆ ಗಂಟು ಹಾಕಿ ಹೋಗಿದ್ದ.

“ನೇಕಾರರ ಗಂಟ್ರಿ ಇದು. ಹರಿದ ಎಳಿ ಕಂಡ್ರ ನಮ್ಮೂರ ಮಂದಿ ಕೈ ಸುಮ್ನಿರೂದಿಲ್ಲ,” ಎಂದ ದಸ್ತಗೀರಸಾಬ.

“ಹಂಗಂದ್ರ ಅರ್ಧ ಊರು ಲಾಕಪ್ಪಿಗೆ ಹಾಕೂಣೇನು?”

ಅನುರಾಧಾ ಗಂಟನ್ನು ತಿರುಗಿಸಿ ನೋಡಿದರು. ಎಳೆ ಸುತ್ತಿದ ದಿಕ್ಕು ಉಲ್ಟಾ ಇತ್ತು. ಪಂಚನಾಮೆ ಮುಗಿಸಿ, ತಂಡದಲ್ಲಿದ್ದ ಮೂವರು ನೇಕಾರರ ಮನೆಯ ಹುಡುಗರ ಕೈಗೆ ದಾರ ಕೊಟ್ಟರು. ಇಬ್ಬರು ಬಲಗೈಯಲ್ಲಿ ಗಂಟು ಹಾಕಿದರು. ಹತ್ತೊಂಬತ್ತರ ಅಮೀನಪ್ಪ ಎಡಗೈಯಲ್ಲಿ ಹಾಕಿದ.

“ಬಲಗೈಗೆ ಏನಾಗೇತಿ?”

“ಮುಂಜಾನಿಂದ ರಾತ್ರಿ ತನಕಾ ಮೌಸ್ ಹಿಡದು ಮಣಿಕಟ್ಟು ಹೋಗೇತ್ರಿ. ಚಮಚಾ ಸೈತ ಎತ್ತಾಕಾಗೂದಿಲ್ಲ.”

“ದವಾಖಾನಿ?”

“ರಜಾ ಕೊಟ್ರ ಹೋಗಬೇಕಲ್ರಿ.”

ಪಕ್ಕದಲ್ಲಿ ನಿಂತಿದ್ದ ಹೊಳಬಸಪ್ಪ ನಕ್ಕ. “ಆಟ ಆಡೋರಿಗೆ ಎಂಥಾ ರಜಾ ಲೇ?”

“ಡಿಸ್ಕ್ ಎಲ್ಲಿ?” ಅನುರಾಧಾ ಕೇಳಿದರು.

ಅಮೀನಪ್ಪ ತಲೆ ತಗ್ಗಿಸಿದ. “ಸೇರಿದ ದಿನಾನ ಇವರು ನನ್ನ ಹತ್ತನೇ ಕ್ಲಾಸಿನ ಅಂಕಪಟ್ಟಿ ಇಸ್ಕೊಂಡಾರ್ರಿ. ತಂಡ ಬಿಡ್ತೇನಿ ಅಂದ್ರ ಕೊಡವಲ್ರು. ಬಾಗಲಕೋಟಿ ಪಾಲಿಟೆಕ್ನಿಕ್ಕಿಗೆ ನಾಳಿಗೇ ಕಡೀ ದಿನ. ಡಿಸ್ಕ್ ಇಟ್ಕೊಂಡು ಅಂಕಪಟ್ಟಿ ಕೇಳೂಣಂತ ತಗೊಂಡ್ಯಾ. ಕೇಳಾಕ ಧೈರ್ಯ ಸಾಲಲಿಲ್ರಿ.”

ಅವನ ತಾಯಿ ರತ್ನವ್ವಳ ಮಗ್ಗದ ಕೆಳಗೆ ಕಾಲಿಡುವ ಕುಣಿಯಲ್ಲಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಡಿಸ್ಕ್ ಸಿಕ್ಕಿತು. ಸಂಜೆ ನಾಲ್ಕಕ್ಕೆ ಠಾಣೆಯಲ್ಲಿ ಬಂಧನ ದಾಖಲಾಯಿತು.

“ಬಿಡಬ್ಯಾಡ್ರಿ ಅವನ್ನ!” ಹೊಳಬಸಪ್ಪ ಕುದಿಯುತ್ತಿದ್ದ.

“ಕೆಲಸದಾಂವ ಮಾಲಕಂದು ಕದ್ರ ಕಲಂ ಬ್ಯಾರೆ, ಆಡಾಕ ಬಂದಾಂವ ಕದ್ರ ಬ್ಯಾರೆ. ಇಂವ ನಿಮಗ ಯಾರು?” ಅನುರಾಧಾ ಕೇಳಿದರು.

“ಕೆಲಸದಾಂವ್ರಿ! ಕೂಡಂದಾಗ ಕೂಡಬೇಕು, ಏಳಂದಾಗ ಏಳಬೇಕು!”

“ಬರದೇನಿ. ಸಹಿ ಮಾಡ್ರಿ.”

ಅವನು ಮಾಡಿದ.

“ಇದರ ಪ್ರತಿ ಕಾರ್ಮಿಕ ನಿರೀಕ್ಷಕರಿಗೂ ಹೋಗತೈತಿ. ಕೆಲಸದಾಂವಗ ದಿನಕ್ಕ ಇಷ್ಟ ತಾಸು ಅಂತ ಐತಿ, ವಾರದ ರಜಾ ಐತಿ. ಅವನ ಅಂಕಪಟ್ಟಿ ಇಟ್ಕೊಳ್ಳೋ ಹಕ್ಕು ನಿಮಗಿಲ್ಲ.”

ಹೊಳಬಸಪ್ಪ ತನ್ನ ಸಹಿಯನ್ನೇ ಒಮ್ಮೆ ನೋಡಿ ಹೊರಟುಹೋದ.

ಶಿವ ಕೊಟ್ಟ ಕೈಯನ್ನು ಆ ಹುಡುಗ ಆಟಕ್ಕೆ ಒಪ್ಪಿಸಿದ್ದ. ಅವನಿಗೆ ಉಳಿದಿದ್ದು ಓದುವ ಆಸೆಯೊಂದೇ. ಅದಕ್ಕೂ ಬೀಗ ಬಿದ್ದಾಗ ಕಳ್ಳನಾದ. ತಪ್ಪು ತಪ್ಪೇ, ಅದನ್ನು ಅವನೂ ಅಲ್ಲವೆನ್ನಲಿಲ್ಲ.

ಠಾಣೆಯ ಕಟ್ಟೆಯ ಮೇಲೆ ಕೂತಿದ್ದ ರತ್ನವ್ವ ಕೇಳಿದಳು: “ಮೇಡಮ್ಮಾರ, ಬಾಗಲಕೋಟಿಗೆ ಅವನ ಅರ್ಜಿ ನಾ ಒಯ್ದು ಕೊಟ್ರ ನಡೀತೈತೇನ್ರಿ?”

“ನಡೀತೈತಿ ಯವ್ವಾ. ಮೊದಲನೇ ಬಸ್ಸಿಗೆ ಹೋಗು.”

ದೀಪ ಹಚ್ಚುವ ಹೊತ್ತಿಗೆ ಹೊಳಬಸಪ್ಪ ತಿರುಗಿ ಬಂದ. ಒಳಗೆ ಹೋಗಲಿಲ್ಲ. ರತ್ನವ್ವಳ ಮುಖ ನೋಡದೆ ಅಂಕಪಟ್ಟಿಯನ್ನು ಮುಂದೆ ಚಾಚಿದ. ಅವಳು ಸೆರಗೊಡ್ಡಿದಳು.