ಎರಡನೇ ಮಹಡಿಯವರೆಗೆ

ಹಾಡುಹಗಲು, ಹತ್ತು ಜನರೆದುರು, ಅದೂ ಆಸ್ಪತ್ರೆಯಲ್ಲಿ, ಒಬ್ಬ ಗಂಡಸು ತನ್ನತ್ತ ನೋಡುತ್ತಾ ಸೀಟಿ ಹೊಡೆಯುವವನಂತೆ ತುಟಿ ಕೂಡಿಸಿದರೆ ಯಾವ ಹೆಂಗಸು ಸುಮ್ಮನಿದ್ದಾಳು? ಸ್ನೇಹಲತಾ ಅಂತೂ ಸುಮ್ಮನಿರುವ ಪೈಕಿಯೇ ಅಲ್ಲ. ಹೃದಯದ ರಕ್ತನಾಳಕ್ಕೆ ಎರಡು ಸ್ಟೆಂಟ್ ಹಾಕಿಸಿಕೊಂಡು ಇನ್ನೂ ಎರಡು ತಿಂಗಳಾಗಿರಲಿಲ್ಲ. ಆದರೂ ಕುರ್ಚಿ ಬಿಟ್ಟೆದ್ದು ಸೀದಾ ಹೋಗಿ ಅವನ ಮುಂದೆ ನಿಂತಳು.

"ವಯಸ್ಸೆಷ್ಟು ನಿಮಗ? ನಾಚಿಕಿ ಬರೂದಿಲ್ಲೇನು?"

ಅವನು ಮೂಗಿನಿಂದ ಉಸಿರೆಳೆದು ಮತ್ತೆ ತುಟಿ ಕೂಡಿಸಿದ, ಮೆಲ್ಲಗೆ ಊದಿದ. ಮೂರು ಸಲ ಹಾಗೆ ಊದಿ ಮುಗಿಸಿದ ಮೇಲೆ ಬೆರಳೆತ್ತಿ ಅವಳ ಕುರ್ಚಿಯ ಹಿಂದಿನ ಗೋಡೆ ತೋರಿಸಿದ. ಉಬ್ಬಸ ಬಂದಾಗ ತುಟಿ ಕೂಡಿಸಿ ಉಸಿರು ಬಿಡುವುದು ಹೇಗೆ ಎಂಬ ಚಿತ್ರಪಟ ಅಲ್ಲಿ ತೂಗುತ್ತಿತ್ತು. ಅವನು ನೋಡುತ್ತಿದ್ದುದು ಅದನ್ನು.

"ಸೀಟಿ ಅಲ್ರಿ ಬಾಯಾರ," ಎಂದ. "ದಮ್ಮು."

ಸ್ನೇಹಲತಾಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನಿಗೋ ನಗು ತಡೆಯಲಿಲ್ಲ, ನಗುವಿನ ಹಿಂದೆಯೇ ಕೆಮ್ಮು ಬಂತು, ಅವಳೇ ಓಡಿಹೋಗಿ ನೀರು ತಂದಳು. ಲೋಟದ ಅಂಚಿನ ಮೇಲಿಂದ ಅವನ ಒದ್ದೆ ಕಣ್ಣುಗಳು ಅವಳನ್ನು ನೋಡಿದವು. ಈ ಸಲ ಗೋಡೆಯನ್ನಲ್ಲ, ಅವಳನ್ನೇ.

ಅವನು ಕಲ್ಯಾಣಪ್ಪ. ಯಾದಗಿರಿ ಕಡೆಯವನು, ವಯಸ್ಸು ಐವತ್ನಾಲ್ಕು, ಹೆಂಡತಿ ತೀರಿ ಒಂಬತ್ತು ವರ್ಷ. ಬಾಲಾನಗರದ ಒಂದು ಎರಕದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಮರಳಿನ ಧೂಳು ಕುಡಿದಿದ್ದ, ಜೊತೆಗೆ ದಿನಕ್ಕೊಂದು ಕಟ್ಟು ಬೀಡಿ. ಅವನು ಬೀಡಿ ಬಿಟ್ಟಿದ್ದ, ಬೀಡಿ ಮಾಡಿದ ಹಾನಿ ಅವನನ್ನು ಬಿಟ್ಟಿರಲಿಲ್ಲ. ಶ್ವಾಸಕೋಶ ಮತ್ತೆ ಮೊದಲಿನಂತಾಗುವುದಿಲ್ಲ, ಔಷಧಿ ಸೇದುವ ಪಂಪು ಮತ್ತು ವ್ಯಾಯಾಮದಿಂದ ಇರುವಷ್ಟನ್ನು ಕಾಪಾಡಿಕೊಳ್ಳಬಹುದು ಎಂದು ಡಾಕ್ಟರು ಹೇಳಿದ್ದರು.

ನಾರಾಯಣಗೂಡದ ಆ ಆಸ್ಪತ್ರೆಯಲ್ಲಿ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಹೃದಯದವರಿಗೂ ಉಸಿರಿನವರಿಗೂ ಒಂದೇ ಹಾಲಿನಲ್ಲಿ ವ್ಯಾಯಾಮ. ನಡೆಸುವವರು ಮಂಗಳೂರಿನ ಡಾಕ್ಟರ್ ವಾಸಂತಿ. ಅವರ ನಿಯಮ ಒಂದೇ: ಟ್ರೆಡ್‌ಮಿಲ್ ಮೇಲೆ ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ವೇಗ ಅಷ್ಟಿರಬೇಕು. ಅಕ್ಕಪಕ್ಕದ ಟ್ರೆಡ್‌ಮಿಲ್ ಸಿಕ್ಕ ಇವರಿಬ್ಬರೂ ಅದನ್ನು ವೈದ್ಯರ ಆಜ್ಞೆ ಎಂದೇ ಪಾಲಿಸಿದರು. ಅವನ ಮಾತು ತುಂಡು ತುಂಡಾಗಿ ಬರುತ್ತಿತ್ತು, ನಾಲ್ಕು ಶಬ್ದ, ಒಂದು ಉಸಿರು, ಮತ್ತೆ ನಾಲ್ಕು ಶಬ್ದ. ಆ ನಡುವಿನ ಉಸಿರಿಗಾಗಿ ಕಾಯುವುದು ಅವಳಿಗೆ ಇಷ್ಟವಾಗತೊಡಗಿತು. ಅವಳು ಮಾವಿನಹಣ್ಣಿನ ಬಣ್ಣದ ಸೀರೆಯುಟ್ಟು ಬಂದ ಶುಕ್ರವಾರ ಅವನು ನಾಲ್ಕು ಸಲ ಓರೆಗಣ್ಣಲ್ಲಿ ನೋಡಿದ, ಐದನೇ ಸಲ ಕಾಲು ತಪ್ಪಿ ಕಂಬಿ ಹಿಡಿದುಕೊಂಡ. ಮುಂದೆ ನೋಡಿ ನಡೀರಿ ಎಂದು ಅವಳು ಗದರಿದಳು, ಮುಖ ತಿರುಗಿಸಿ ನಕ್ಕಳು.

ಮನೆಯಲ್ಲಿ ಅವಳು ನಗುತ್ತಿರಲಿಲ್ಲ. ನಲವತ್ತೊಂಬತ್ತರ ವಿಧವೆ, ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ, ಮಲ್ಕಾಜ್‌ಗಿರಿಯಲ್ಲಿ ಅಣ್ಣ ಮೌನಪ್ಪ ಮತ್ತು ಅತ್ತಿಗೆಯ ಮನೆಯಲ್ಲಿ ವಾಸ. ಹಾರ್ಟ್ ಅಟ್ಯಾಕ್ ಆದ ದಿನದಿಂದ ಆ ಮನೆ ಅವಳನ್ನು ಗಾಜಿನ ಬಳೆಯಂತೆ ಹತ್ತಿಯಲ್ಲಿ ಸುತ್ತಿಟ್ಟಿತ್ತು. ಕೊಡ ಎತ್ತಬೇಡ, ಲೈಬ್ರರಿಗೆ ಹೋಗಬೇಡ, ಬಚ್ಚಲಮನೆ ಚಿಲಕ ಹಾಕಬೇಡ. ನಡೆಯುವುದೇ ಔಷಧ ಎಂದು ಡಾಕ್ಟರು ಹೇಳಿದ್ದರೂ ಮೌನಪ್ಪನ ಪ್ರಕಾರ ಹೃದಯರೋಗಕ್ಕೆ ಹಾಸಿಗೆಯೇ ಮದ್ದು. ಪ್ರೀತಿಯೇ ಅದು, ಇಲ್ಲವೆಂದವರಾರು? ಆದರೆ ಆ ಪ್ರೀತಿಯಲ್ಲಿ ಅವಳು ಬದುಕಿರುವಾಗಲೇ ತಿಥಿಯ ವಾಸನೆ ಬರುತ್ತಿತ್ತು.

ಪರಿಚಯವಾದ ಮೂರನೇ ತಿಂಗಳು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಸಕ್ಕರೆಯಿಲ್ಲದ ಚಹಾ ಕುಡಿಯುತ್ತಾ ಅವಳೇ ಕೇಳಿದಳು, ಮದುವೆಯಾಗೋಣವೇ ಎಂದು. ಕಲ್ಯಾಣಪ್ಪ ಲೋಟ ಕೆಳಗಿಟ್ಟ. ಬೇಡ ಎಂದ. ಕಾರಣ ಹೇಳದೆ ಎದ್ದುಹೋದ. ಅವಳಿಗೆ ಎದೆ ನೋಯಿತು, ಮಾತ್ರೆಗೆ ಹೋಗದ ನೋವು.

ಸುದ್ದಿ ಹೇಗೋ ಮೌನಪ್ಪನಿಗೆ ಮುಟ್ಟಿತು. ಅವನು ಅತ್ತ, ಕೂಗಾಡಿದ, ಜನ ಏನಂದಾರು ಎಂದ, ಕೊನೆಗೆ ತನ್ನ ದೊಡ್ಡ ವಾದ ತೆಗೆದ.

"ನಿನಗ ಹಾರ್ಟು, ಅಂವಗ ದಮ್ಮೈತಿ. ಯಾರು ಯಾರಿಗೆ ನೀರು ಕೊಡಾವ್ರು?"

ಇವರ ಮಾತಿನಲ್ಲಿ ಉಬ್ಬಸಕ್ಕೂ ದಮ್ಮೇ, ಎದೆಗಾರಿಕೆಗೂ ದಮ್ಮೇ. ಸ್ನೇಹಲತಾ ಅಣ್ಣನ ಮುಖ ನೋಡಿಯೇ ಹೇಳಿದಳು: "ಹೌದಣ್ಣಾ, ದಮ್ಮೈತಿ. ಅದಕ್ಕ ಅವರನ್ನ ಕೇಳೀನಿ."

ಹೇಳುವುದೇನೋ ಹೇಳಿದಳು. ಕಲ್ಯಾಣಪ್ಪನ ಆ ಎರಡನೇ ದಮ್ಮು ಇನ್ನೂ ಕೈಕೊಟ್ಟೇ ಇತ್ತು.

ಮುಂದಿನ ಮಂಗಳವಾರ ಮೌನಪ್ಪ ತಂಗಿಯ ಜೊತೆ ತಾನೇ ಹೊರಟ. ಡಾಕ್ಟರ ಬಾಯಿಂದಲೇ ಬೇಡ ಅನ್ನಿಸಿದರೆ ತೀರಿತು ಎಂಬ ಲೆಕ್ಕ. ಮಾತ್ರೆಗಳ ಚೀಲ ತೊಡೆಯ ಮೇಲಿಟ್ಟುಕೊಂಡು, ಇಂಥ ರೋಗಿಗೆ ಮದುವೆ ಗಿದುವೆ ಆಗಬಹುದೇ, ನೀವೇ ಬುದ್ಧಿ ಹೇಳಿ ಎಂದ. ವಾಸಂತಿ ಹೊಸ ರಿಪೋರ್ಟುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಅವನನ್ನು ಬಿಟ್ಟು ಸ್ನೇಹಲತಾಳತ್ತ ತಿರುಗಿದರು.

"ಮಾತ್ರೆ ತಪ್ಪಿಸಬೇಡಿ, ನಡಿಗೆ ಬಿಡಬೇಡಿ. ಎರಡು ಮಹಡಿ ಮೆಟ್ಟಿಲನ್ನು ಎದೆನೋವಿಲ್ಲದೆ, ಏದುಸಿರಿಲ್ಲದೆ ಹತ್ತಲು ಆಗುತ್ತದಾ? ಹಾಗಾದರೆ ಮದುವೆಗೂ ನಿಮ್ಮ ಹೃದಯ ಅಡ್ಡಿ ಬರುವುದಿಲ್ಲ, ಮದುವೆಯ ನಂತರದ್ದಕ್ಕೂ ಅಡ್ಡಿ ಬರುವುದಿಲ್ಲ."

ಮೌನಪ್ಪ ತಟ್ಟನೆ ಗೋಡೆಯ ಕ್ಯಾಲೆಂಡರ್ ಓದತೊಡಗಿದ. ಸ್ನೇಹಲತಾಳ ಕಿವಿ ಬಿಸಿಯಾಯಿತು, ಆದರೆ ಕಣ್ಣು ಕೆಳಗಿಳಿಯಲಿಲ್ಲ. ಈಗಲೇ ಹತ್ತುತ್ತೇನೆ ಎಂದು ಎದ್ದಳು. ಎದೆ ಬಿಗಿದರೆ ಅಲ್ಲೇ ಕೂರಬೇಕು ಎಂದ ಡಾಕ್ಟರು ಒಬ್ಬ ನರ್ಸನ್ನು ಹಿಂದೆ ಕಳಿಸಿದರು.

ಹೊರಗೆ ಬೆಂಚಿನ ಮೇಲೆ ಕಲ್ಯಾಣಪ್ಪ ಕೂತಿದ್ದ. ಒಂದು ವಾರದಿಂದ ಅವಳತ್ತ ನೋಡದವನು ಈಗಲೂ ನೋಡಲಿಲ್ಲ. "ಏಳ್ರಿ. ಎರಡು ಮಹಡಿ ಹತ್ತೂ ಪರೀಕ್ಷಾ ಐತಿ," ಎಂದಳು. ಆ ದನಿಗೆ ಅವನು ಎದ್ದ.

ಇಪ್ಪತ್ತೆರಡು ಮೆಟ್ಟಿಲು ಜೊತೆಯಾಗಿಯೇ ಹತ್ತಿದರು. ಮೊದಲ ಮಹಡಿಯಲ್ಲಿ ಅವನು ಕಂಬಿ ಹಿಡಿದು ನಿಂತುಬಿಟ್ಟ, ಭುಜಗಳು ಏರಿಳಿಯುತ್ತಿದ್ದವು. ಇದು ನಿಮ್ಮ ಪರೀಕ್ಷೆ, ನೀವು ಹೋಗಿ ಎಂದು ಕೈಸನ್ನೆ ಮಾಡಿದ. ಅವಳು ಹೋದಳು. ಎರಡನೇ ಮಹಡಿಯ ಗೋಡೆ ಮುಟ್ಟಿ, ಎದೆಯ ಮೇಲೆ ಅಂಗೈಯಿಟ್ಟು ನಿಂತಳು. ಬಿಗಿತವಿಲ್ಲ, ದವಡೆಯಲ್ಲಿ ಆ ಹಾಳು ನೋವಿಲ್ಲ, ಹೃದಯ ಒಳ್ಳೆ ಹುಡುಗಿಯಂತೆ ತನ್ನ ಕೆಲಸ ಮಾಡುತ್ತಿತ್ತು. ಕೆಳಗೆ ಅವನು ಒಬ್ಬನೇ ನಿಂತಿದ್ದ. ಅವಳು ಇಳಿದು ಬಂದಳು.

"ನಾ ಪಾಸು," ಎಂದಳು.

"ನಾ ಫೇಲು." ಅವನು ಉಸಿರಿಗಾಗಿ ನಿಂತ. "ಮುಂದ ಒಂದಿನ ಮೂಗಿಗೆ ಆಕ್ಸಿಜನ್ ನಳಿಗಿ ಬರ್ತೈತಿ. ಆವಾಗ ನೀವು ನರ್ಸ್ ಆಗಬೇಕಾಗ್ತೈತಿ. ಅದಕ್ಕ ಬ್ಯಾಡ ಅಂದೆ. ಮನಸಿಲ್ಲಂತಲ್ಲ."

ಆಗ ಅವಳಿಗೆ ಸಿಟ್ಟು ಬಂತು ನೋಡಿ. ಅಣ್ಣ ಅವಳ ಪರವಾಗಿ ತೀರ್ಮಾನಿಸಿದ್ದ, ಅತ್ತಿಗೆ ತೀರ್ಮಾನಿಸಿದ್ದಳು, ಈಗ ಈ ಮಹರಾಯನೂ ಅದೇ ಸಾಲಿಗೆ ಸೇರಿಕೊಂಡಿದ್ದ.

"ನನ್ನ ಎದಿಗೂ ಯಾರೂ ಗ್ಯಾರಂಟಿ ಬರದು ಕೊಟ್ಟಿಲ್ಲ," ಎಂದಳು. "ಯಾರ ಮಗ್ಗಲಿಗೆ ಕೂತು ಯಾರಿಗೆ ನೀರು ಕೊಡಬೇಕು ಅನ್ನೂದು ನಾ ನೋಡ್ಕೊತೀನಿ. ನಿಮಗ ನಾ ಬೇಕೋ ಬ್ಯಾಡೋ, ಅಷ್ಟ ಹೇಳ್ರಿ."

ನರ್ಸು ಕಿಟಕಿಯತ್ತ ತಿರುಗಿಕೊಂಡಳು. ಕಲ್ಯಾಣಪ್ಪ ಕಂಬಿ ಬಿಟ್ಟು ಅವಳತ್ತ ಕೈ ಚಾಚಿದ.

"ಬೇಕು," ಎಂದ. "ಭಾಳ ಬೇಕು."

ಉಳಿದ ಮೆಟ್ಟಿಲುಗಳನ್ನು ಕೈಕೈ ಹಿಡಿದು ಹತ್ತಿದರು, ಅವನ ಉಸಿರಿಗೆ ತಕ್ಕಂತೆ. ನಾಲ್ಕು ಕಡೆ ನಿಂತರು. ಇಳಿಯುತ್ತಿದ್ದ ಜನ ದಾರಿ ಬಿಟ್ಟರು, ಕೆಲವರು ತಿರುಗಿ ನೋಡಿದರು, ಅವಳು ಕೈ ಬಿಡಲಿಲ್ಲ.

ಮೇಲೆ ಲಿಫ್ಟಿನ ಬಾಗಿಲು ತೆರೆದು ಮೌನಪ್ಪ ನಿಂತಿದ್ದ. ಹಿಡಿದುಕೊಂಡ ಕೈಗಳನ್ನು ನೋಡಿದ, ತಂಗಿಯ ಕೆಂಪೇರಿದ ಮುಖ ನೋಡಿದ, ಏನೋ ಹೇಳಲು ಬಾಯಿ ತೆರೆದ. ಸ್ನೇಹಲತಾ ಅವನ ಕೈಯಿಂದ ಮಾತ್ರೆಗಳ ಚೀಲ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು.

"ಮದುವಿಗೆ ಸಾಕ್ಷಿ ಸಹಿ ನೀನ ಹಾಕಬೇಕು, ಅಣ್ಣಾ. ಸಹಿ ಹಾಕಿ ಬಾಲಾನಗರಕ್ಕ ನಮ್ಮ ಮನಿಗೆ ಊಟಕ್ಕ ಬಾ. ಉಪ್ಪು ಕಮ್ಮಿ ಇರ್ತೈತಿ, ಈಗ ಹೇಳೀನಿ."