ನಿಂತು ನಿಂತು ಬರುವ ನೀರು

"ನೀನಾ...!"

ಕ್ಯಾರವಾನಿನ ಬಾಗಿಲು ತೆರೆದ ಶಿವರಂಜಿನಿ ಹಿಡಿಕೆ ಬಿಡದೆ ನಿಂತಳು.

ಮೆಟ್ಟಿಲ ಕೆಳಗೆ ಟೂಲ್ ಬ್ಯಾಗ್ ಹಿಡಿದು ನಿಂತಿದ್ದ ಮೆಕ್ಯಾನಿಕ್ ಸಿದ್ದಾರ್ಥ. ಅವಳ ಗಂಡ. ಮೂರು ವರ್ಷದಿಂದ ಅವಳು ಮುಖ ನೋಡದ ಗಂಡ!

ಲಕ್ವ ಹೊಡೆದ ಗಂಗಾಂಬಿಕೆಯವರನ್ನು ನೋಡಿಕೊಳ್ಳುವ ನರ್ಸ್ ಕೆಲಸ ಅವಳದು. ಆಕೆಯ ಮಗ ಸೋಮೇಶ್ ಮಂಚ, ಸಿಂಕು, ಬಚ್ಚಲು ಎಲ್ಲ ಒಳಗೇ ಇರುವ ಕ್ಯಾರವಾನ್ ಬಾಡಿಗೆಗೆ ಹಿಡಿದು, ಅಮ್ಮನನ್ನು ಮೈಸೂರಿನಿಂದ ಊಟಿಗೆ ಹೊರಡಿಸಿದ್ದ. ಗುಂಡ್ಲುಪೇಟೆ ಮುಟ್ಟುವಷ್ಟರಲ್ಲಿ ನೀರಿನ ಪಂಪು ಕೈಕೊಟ್ಟಿತ್ತು. ಒಂದು ಸಲ ನೀರು ಬರುತ್ತದೆ, ಮರುಗಳಿಗೆ ನಿಂತೇ ಹೋಗುತ್ತದೆ. ಅಜ್ಜಿಯ ಬೆನ್ನಿಗೆ ಹಚ್ಚಿದ ಸೋಪು ಹಾಗೇ ಒಣಗುತ್ತಿತ್ತು. ಸೋಮೇಶ್ ಅಲ್ಲಿನ ಗ್ಯಾರೇಜಿಗೆ ಫೋನ್ ಮಾಡಿ ಮೆಕ್ಯಾನಿಕ್ಕನ್ನು ಕರೆಸಿದ್ದ.

"ಬನ್ನಿ. ಪಂಪು ಸಿಂಕ್ ಕೆಳಗಿದೆ," ಎಂದಳು. ಬಾಯಿ ಜಾರಿ ಬಂದ 'ನೀನು' ಮತ್ತೆ ಬರಲಿಲ್ಲ.

"ಹೊಸ ಪಂಪೇ ಹಾಕ್ಬಿಡಿ," ಸೋಮೇಶ್ ಅವಸರಪಟ್ಟ. "ರಾತ್ರಿ ಒಂಬತ್ತಕ್ಕೆ ಬಂಡೀಪುರ ಕಾಡಿನ ಗೇಟ್ ಹಾಕ್ತಾರೆ, ಅಷ್ಟರಲ್ಲಿ ದಾಟ್ಬೇಕು."

"ಪಂಪು ಕೆಟ್ಟದೋ ಇಲ್ವೋ ನೋಡ್ದೆ ಎಂಗ್ ಸಾರ್ ಕಿತ್ ಎಸೆಯೋದು?"

ಸೋಮೇಶ್ ಕ್ಯಾನ್ ನೀರು ತರಲು ಇಳಿದು ಹೋದ. ಪರದೆಯ ಹಿಂದೆ ಗಂಗಾಂಬಿಕೆ ಟವಲ್ ಹೊದ್ದು ಕಣ್ಣು ಮುಚ್ಚಿದ್ದರು. ಉಳಿದವರು ಇವರಿಬ್ಬರೇ.

ಸಿದ್ದಾರ್ಥ ಫ್ಯೂಸ್ ನೋಡಿದ, ಫಿಲ್ಟರ್ ಬಿಚ್ಚಿ ತೊಳೆದ. "ಎರಡೂ ಸರ್ಯಾಗವೆ. ನಲ್ಲಿ ಸಣ್ಣಗೆ ತಿರುಗ್ಸು ರಂಜಿ."

ರಂಜಿ...! ಆ ಹೆಸರಿನಲ್ಲಿ ಅವಳನ್ನು ಕರೆಯುವವರು ಬೇರೆ ಯಾರೂ ಇರಲಿಲ್ಲ.

ನೀರು ಬಂತು.

"ನಿಂತಾಗ್ಲೇ ನೋಡ್ಬೇಕು. ಆಗ್ಲೇ ಎಲ್ಲಿ ಬುಟ್ಟದೆ ಅಂತ ಗೊತ್ತಾಗೋದು. ಕಾಯನ."

ಅವನು ಕರೆಂಟ್ ಇದೆಯೋ ಎಂದು ನೋಡುವ, ಎರಡು ವೈರುಗಳ ಸಣ್ಣ ಬಲ್ಬು ಹಿಡಿದು ಕುಕ್ಕರುಗಾಲಲ್ಲಿ ಕುಳಿತ. ಅವಳು ನಲ್ಲಿಯ ಮೇಲೆ ಕೈಯಿಟ್ಟು ನಿಂತಳು.

ಮರೆಯಬೇಕೆಂದಿದ್ದ ದಿನವೇ ಕಣ್ಣ ಮುಂದೆ ಬಂತು. ಚಾಮರಾಜನಗರದ ಆಸ್ಪತ್ರೆ. ಬಿ.ಪಿ. ಏರಿ ಆಪರೇಷನ್ ಆಗಿತ್ತು. ಹುಟ್ಟಿದ ಹೆಣ್ಣುಮಗು ಒಂದು ಗಂಟೆಯೂ ಉಳಿಯಲಿಲ್ಲ. ಮರುದಿನ ಅವಳಿಗೆ ಎಚ್ಚರವಾದಾಗ ಗಂಡ ಪಕ್ಕದಲ್ಲಿರಲಿಲ್ಲ. ಸಂಜೆ ಬಂದ. 'ಎಲ್ಲಿಗೆ ಹೋಗಿದ್ದೆ?' ಎಂದರೆ, 'ಕೆಲ್ಸ ಇತ್ತು' ಅಂದ. ಅಷ್ಟೇ!

ಮಗು ಹೋದ ಮರುದಿನವೇ ಗ್ಯಾರೇಜಾ...!

ಆಸ್ಪತ್ರೆಯಿಂದ ನೇರ ತವರಿಗೆ ಹೋದವಳು, ಅಲ್ಲಿಂದ ಮೈಸೂರಿಗೆ ಹೋಗಿಬಿಟ್ಟಳು. ಮಗುವನ್ನು ಆಸ್ಪತ್ರೆಯವರೇ ಮಣ್ಣು ಮಾಡಿರಬೇಕು ಅಂದುಕೊಂಡಿದ್ದಳು. ಕೇಳುವ ಧೈರ್ಯ ಅವಳಿಗಿರಲಿಲ್ಲ. ಆ ಮಾತೆತ್ತುವ ಧೈರ್ಯ ಅವ್ವನಿಗೂ ಇರಲಿಲ್ಲ.

"ಅವತ್ತು ಎಲ್ಲಿಗೆ ಹೋಗಿದ್ರಿ?" ತಡೆಯಲಾರದೆ ಕೇಳಿಯೇಬಿಟ್ಟಳು.

ಅವನು ತಲೆ ಎತ್ತಲಿಲ್ಲ. "ಉಡಿಗಾಲಕ್ಕೆ."

"ನಿಮ್ಮೂರಿಗಾ? ಅವತ್ತು ಊರಲ್ಲಿ ಏನಿತ್ತು?"

"ಮಗೀನ ಎತ್ಕಂಡೋಗಿದ್ದೆ ರಂಜಿ..."

ಅಷ್ಟರಲ್ಲಿ ನೀರು ನಿಂತಿತು.

ಅವನು ಬಲ್ಬಿನ ಒಂದು ತುದಿಯನ್ನು ಪಂಪಿನ ಕೆಂಪು ವೈರಿಗೆ, ಇನ್ನೊಂದನ್ನು ಗಾಡಿಯ ಕಬ್ಬಿಣಕ್ಕೆ ತಾಗಿಸಿದ. ಉರಿಯಿತು. ಕಬ್ಬಿಣಕ್ಕಿಟ್ಟ ತುದಿಯನ್ನು ತೆಗೆದು ಪಂಪಿನ ಕಪ್ಪು ವೈರಿಗೆ ತಾಗಿಸಿದ. ಉರಿಯಲಿಲ್ಲ.

"ಪಂಪು ಚೆನ್ನಾಗೇ ಅದೆ. ಈ ಕರಿ ವೈರ್ನ ಗಾಡೀಗೆ ಹಿಡ್ಸಿರೋ ಸ್ಕ್ರೂ ತುಕ್ಕಿಡ್ದು ಸಡ್ಲ ಆಗದೆ. ಗಾಡಿ ಅಲ್ಲಾಡ್ದಾಗ ಒಂದ್ಸಲ ಹಿಡ್ಕತದೆ, ಒಂದ್ಸಲ ಬುಡ್ತದೆ."

ಸ್ಕ್ರೂ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜತೊಡಗಿದ. ಉಜ್ಜುತ್ತಲೇ ಮಾತಾಡಿದ.

"ನಿಂಗೆ ಬಿ.ಪಿ. ಏರ್ತದೆ, ಏನೂ ಯೋಳ್ಬೇಡ ಅಂದ್ರು ಡಾಕ್ಟ್ರು. ಅದ್ಕೇ ಕೆಲ್ಸ ಇತ್ತು ಅಂದ್ಬುಟ್ಟೆ. ಆಮೇಕೆ ಯೋಳನ ಅಂದ್ರೆ... ನೀನು ಫೋನೇ ಎತ್ನಿಲ್ಲ."

"ಯಾರ್ ಜೊತೆ ಹೋದೆ?"

"ಒಬ್ನೇ. ಬಸ್ಸಲ್ಲಿ. ನೀನು ಎಣೆದಿದ್ದ ಹಳದಿ ಸ್ವೆಟ್ರ್ ಹಾಕಿ, ಟವಲ್ ಸುತ್ತಿ, ಎದೆಗೊತ್ಕಂಡು ಕೂತಿದ್ದೆ. ಪಕ್ಕದಲ್ಲಿದ್ದ ಯಮ್ಮ ನೋಡ್ಬುಟ್ಟು, 'ಪಾಪ, ಎಷ್ಟ್ ಚೆಂದಾಗಿ ಮಲಗದೆ' ಅಂದ್ಲು..." ಅವನು ಉಜ್ಜುವುದನ್ನು ನಿಲ್ಲಿಸಿದ. "ಊ ಅಂದೆ ರಂಜಿ. ಇನ್ನೇನನ್ಲಿ?"

ಅವಳು ಅವನ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು.

ಆ ಸ್ವೆಟರಿಗಾಗಿ ಎಷ್ಟು ಹುಡುಕಿದ್ದಳು! ಮೂರು ವರ್ಷ... ಒಂದೇ ಒಂದು ಸಲ ಫೋನ್ ಎತ್ತಿದ್ದರೆ ಸಾಕಿತ್ತಲ್ಲ!

"ನೀನೊಬ್ನೇ... ಅಷ್ಟು ದೂರ... ಹೆಂಗೋ ಕೂತಿದ್ದೆ ಸಿದ್ದು? ನಾನು ನಿನ್ನ ಏನೇನೋ ಅಂದ್ಕೊಂಡ್ನಲ್ಲೋ...!"

"ನಂದೂ ತಪ್ಪದೆ. ಮನೆ ಮುಂದೆ ಬಂದು ಕೂಗಿ ಯೋಳ್ಬೇಕಿತ್ತು. ನಿನ್ ಮುಖ ನೋಡಕ್ಕೆ ಧೈರ್ಯ ಸಾಲ್ನಿಲ್ಲ."

ಸ್ಕ್ರೂ ಬಿಗಿಯಾಯಿತು. ನಲ್ಲಿಯಲ್ಲಿ ನೀರು ತಡೆಯಿಲ್ಲದೆ ಸುರಿಯಿತು. ಪರದೆಯ ಹಿಂದಿನಿಂದ ತೊದಲು ದನಿ ಬಂತು.

"ರಂಜಿನಿ... ಇವತ್ತು ಇಲ್ಲೇ ಉಳ್ಕೊಳ್ಳೋಣ. ಊಟಿ ಎಲ್ಲಿಗೂ ಹೋಗಲ್ಲ. ನೀನು ಹೋಗಿ... ನಿನ್ನ ಮಗಳನ್ನ ನೋಡ್ಕೊಂಡು ಬಾಮ್ಮ."

ಪರದೆ ಸರಿಸಿದರೆ ಗಂಗಾಂಬಿಕೆಯವರ ಕಣ್ಣುಗಳೂ ತುಂಬಿದ್ದವು.

ಅಜ್ಜಿಯ ಮೈಮೇಲಿನ ಸೋಪು ತೊಳೆದು, ಸೀರೆ ಉಡಿಸಿ, ಸೋಮೇಶನಿಗೆ ಒಪ್ಪಿಸಿಯೇ ಅವಳು ಇಳಿದಳು. ಸಿದ್ದಾರ್ಥ ಬೈಕ್ ಪಕ್ಕದಲ್ಲಿ ಕಾಯುತ್ತಿದ್ದ. ದಾರಿಯಲ್ಲಿ ತೆರಕಣಾಂಬಿ ದಾಟುವವರೆಗೂ ಅವನ ಬೆನ್ನಿಗೆ ಹಣೆಯೊರಗಿಸಿ ಅವಳು ಅಳುತ್ತಲೇ ಇದ್ದಳು.

ಉಡಿಗಾಲದ ಹೊಲದ ಬದುವಿನಲ್ಲಿ, ಹೊಂಗೆ ಮರದ ಕೆಳಗೆ, ಮೊಳದುದ್ದದ ಜಾಗ. ಸುತ್ತ ಕಲ್ಲು ಜೋಡಿಸಿತ್ತು. ಒಂದೇ ಒಂದು ಕಳೆಯೂ ಇರಲಿಲ್ಲ.

"ವಾರವಾರ ಬತ್ತೀನಿ," ಎಂದ ಮೆಲ್ಲಗೆ.

"ಹೆಸರೇನು ಇಟ್ಟೆ ಸಿದ್ದು?"

"ನೀನಿಲ್ದೆ ನಾನೊಬ್ನೇ ಎಂಗಿಡ್ಲಿ?"

ಅವಳು ಮಂಡಿಯೂರಿದಳು. ತೊಟ್ಟಿಲ ಶಾಸ್ತ್ರದಲ್ಲಿ ಹೆಸರು ಹೇಳಲು ಮಗುವಿನ ಕಿವಿಯ ಬಳಿ ಬಾಗುವ ಹಾಗೆ ನೆಲಕ್ಕೆ ಬಾಗಿದಳು. ತುಟಿಗೆ ಮಣ್ಣು ತಾಗಿತು. ಮೂರು ಸಲ ಪಿಸುಗುಟ್ಟಿದಳು.

"ಏನಂದೆ? ನಂಗೂ ಯೋಳು ರಂಜಿ..."

ಅವಳು ಕಣ್ಣೊರೆಸಿಕೊಳ್ಳದೆಯೇ ಅವನತ್ತ ಕೈ ಚಾಚಿದಳು.

"ಜೋರಾಗಿ ಹೇಳ್ಬಾರ್ದು ಕಣೋ... ಹತ್ರ ಬಾ. ಕಿವಿ ಕೊಡು."